ನನ್ನ ಮೀನು ನಿರಪರಾಧಿ

ರಸಾಯನಶಾಸ್ತ್ರ ಕಲಿಸಿಯೇ ಹೊಟ್ಟೆ ಹೊರೆಯುವವಳಿಗೆ ರಸಾಯನಶಾಸ್ತ್ರದ ಪುಸ್ತಕಗಳ ಮೇಲೆ ಸಿಟ್ಟಿರಬಾರದು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಹೇಳಿದ್ದಾರೆ. ಹೇಳಲಿ, ನಾನು ಎಣಿಸಿಯೇ ಎಣಿಸುತ್ತೇನೆ. ಯಾವ ಪುಸ್ತಕ ಬೇಕಾದರೂ ತೆಗೆಯಿರಿ, ಅಮೈನುಗಳ ಪಾಠಕ್ಕೆ ಬನ್ನಿ. ಇಂಥಿಂಥ ಅಮೈನುಗಳಿಗೆ ಮೀನಿನ ವಾಸನೆ ಇರುತ್ತದೆ ಎಂಬ ಒಂದು ಮಾತು ಅಲ್ಲೆಲ್ಲೋ ಕಾದು ಕೂತಿರುತ್ತದೆ. ಯಾವ ಮೀನು, ಯಾವಾಗ ಹಿಡಿದದ್ದು, ಬುಟ್ಟಿಯಲ್ಲಿ ಎಷ್ಟು ಹೊತ್ತು ಬಿದ್ದಿತ್ತು, ಮಂಜುಗಡ್ಡೆ ಹಾಕಿದ್ದರೋ ಇಲ್ಲವೋ, ಒಂದು ವಿಚಾರಣೆಯೂ ಇಲ್ಲ, ಸಾಕ್ಷಿಯೂ ಇಲ್ಲ. ನೇರ ಶಿಕ್ಷೆ. ನಾನು ಹುಟ್ಟಿದ್ದು ಭಟ್ಕಳದ ಹತ್ತಿರದ ಬೆಳಕೆಯಲ್ಲಿ. ನಮ್ಮದು ಗದ್ದೆ ಮಾಡಿಕೊಂಡಿದ್ದ ಮನೆಯಾದರೂ ಮೀನಿನವಳ ಕೂಗು ಕೇಳದ ದಿನ ನಮ್ಮಮ್ಮನಿಗೆ ಒಲೆ ಹಚ್ಚುವುದಕ್ಕೂ ಬೇಸರ. ಬಲೆಯಿಂದ ಈಗಷ್ಟೇ ಬಿಡಿಸಿದ ಬಂಗಡೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಸಮುದ್ರದ ವಾಸನೆ ಬರುತ್ತದೆ. ಅಮೈನೂ ಇಲ್ಲ, ಗಿಮೈನೂ ಇಲ್ಲ. ಸತ್ತು ಹೊತ್ತು ಕಳೆದ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬಂದು, ಮೀನಿನ ಮೈಯೊಳಗೆ ವಾಸನೆಯೇ ಇಲ್ಲದೆ ಸುಮ್ಮನೆ ಮಲಗಿದ್ದ ಒಂದು ವಸ್ತುವನ್ನು ಒಡೆದು ಟ್ರೈಮೀಥೈಲ್ ಅಮೈನ್ ಮಾಡುತ್ತವೆ. ನಾರುವುದು ಅದು. ಇದರಲ್ಲಿ ಮೀನಿನ ತಪ್ಪೇನು ಹೇಳಿ? ಹೊತ್ತಿಗೆ ಸರಿಯಾಗಿ ಮಣ್ಣು ಮಾಡದಿದ್ದರೆ ನಾವೂ ನಾರುತ್ತೇವೆ, ಆ ವಾಸನೆಯಲ್ಲೂ ಅಮೈನುಗಳೇ ಇರುತ್ತವೆ. ಹಾಗೆಂದು ‘ಇವಕ್ಕೆ ಮನುಷ್ಯರ ವಾಸನೆ ಇರುತ್ತದೆ’ ಎಂದು ಬರೆಯುವ ಎದೆಗಾರಿಕೆ ಯಾವ ಪುಸ್ತಕಕ್ಕಿದೆ?

ಹೊನ್ನಾವರದ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ನಾನು ಈ ಪಾಠವನ್ನು ಪ್ರತಿವರ್ಷ ಜಗಳದಿಂದಲೇ ಶುರು ಮಾಡುತ್ತೇನೆ. ನಿಜಕ್ಕೂ ಅಮೈನು ಬಹಳ ಸರಳ ಸಂಸಾರ. ಅಮೋನಿಯಾ ಎಂದರೆ ಒಂದು ನೈಟ್ರೋಜನ್ ಮತ್ತು ಅದಕ್ಕೆ ಅಂಟಿಕೊಂಡ ಮೂರು ಹೈಡ್ರೋಜನ್. ಒಂದು ಹೈಡ್ರೋಜನ್ನನ್ನು ಎಬ್ಬಿಸಿ ಆ ಜಾಗಕ್ಕೆ ಇಂಗಾಲದ ಗುಂಪೊಂದನ್ನು ಕೂರಿಸಿದರೆ ಪ್ರೈಮರಿ ಅಮೈನು, ಇಬ್ಬರನ್ನು ಎಬ್ಬಿಸಿದರೆ ಸೆಕೆಂಡರಿ, ಮೂವರನ್ನೂ ಎಬ್ಬಿಸಿದರೆ ಟರ್ಶಿಯರಿ. ಭಟ್ಕಳದಿಂದ ಕುಮಟೆಗೆ ಹೋಗುವ ಬಸ್ಸಿನ ಮೂವರ ಸೀಟಿನಲ್ಲಿ ಸಪೂರದವರು ಒಬ್ಬೊಬ್ಬರೇ ಇಳಿದು ದಡೂತಿಗಳು ಹತ್ತಿದ ಹಾಗೆ. ಆದರೆ ಅಮೈನಿನ ಗುಟ್ಟು ಇರುವುದು ಆ ಸೀಟಿನಲ್ಲಲ್ಲ. ನೈಟ್ರೋಜನ್ ಹತ್ತಿರ ಯಾರಿಗೂ ಕೊಡದೆ ಇಟ್ಟುಕೊಂಡ ಒಂದು ಜೊತೆ ಎಲೆಕ್ಟ್ರಾನು ಇರುತ್ತದೆ, ನಮ್ಮಮ್ಮ ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಳ್ಳುವ ಪುಡಿಗಾಸಿನ ಹಾಗೆ. ಆಮ್ಲವೊಂದು ಪ್ರೋಟಾನು ಹಿಡಿದು ಬಾಗಿಲಿಗೆ ಬಂತೋ, ಗಂಟು ಬಿಚ್ಚುತ್ತದೆ. ಇಬ್ಬರೂ ಸೇರಿ ಲವಣವಾಗುತ್ತಾರೆ. ಲವಣ ಗಾಳಿಗೆ ಹಾರುವುದಿಲ್ಲ, ಹಾರದ್ದು ಮೂಗಿಗೆ ಬರುವುದಿಲ್ಲ. ಮೀನುಸಾರಿಗೆ ವಾಟೆ ಹುಳಿಯನ್ನೋ ಮುರುಗಲ ಹುಳಿಯನ್ನೋ ಹಾಕುವುದರಲ್ಲಿ ಈ ವಿದ್ಯೆಯೂ ಇದೆ ಎಂದಾಗ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಾರೆ. ಅಮೈನು ಪ್ರತ್ಯಾಮ್ಲ, ಆದ್ದರಿಂದ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ನೀಲಿ ಮಾಡುತ್ತದೆ ಎಂದೂ ಹೇಳಿ ಮುಗಿಸುತ್ತೇನೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಂಡಿರಿ. ನನಗೆ ಅದು ಕುತ್ತಾದದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಕುತ್ತು ಶುರುವಾದದ್ದು ಹೀಗೆ. ಜೂನ್‌ನಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ನನ್ನ ಗಂಡ ಒಂದು ಕರೆಂಟಿನ ಡಬ್ಬಿ ತಂದುಕೊಟ್ಟರು. ಬೆಳಿಗ್ಗೆ ಅನ್ನ, ಸಾರು ತುಂಬಿ ಒಯ್ಯುವುದು, ಊಟದ ಹೊತ್ತಿಗಿಂತ ಮುಂಚೆ ಪ್ಲಗ್ಗಿಗೆ ಸಿಕ್ಕಿಸುವುದು, ಆಮೇಲೆ ಹಬೆಯಾಡುವ ಊಟ. ಮಳೆಗಾಲದಲ್ಲಿ ತಣ್ಣಗಿನ ಕುಚಲಕ್ಕಿ ಅನ್ನ ತಿಂದು ತಿಂದು ಬೇಸತ್ತವಳಿಗೆ ಇದಕ್ಕಿಂತ ದೊಡ್ಡ ಒಡವೆ ಬೇಡವಾಗಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಹಿಂದೆ, ಉತ್ತರಪತ್ರಿಕೆಗಳ ಕಪಾಟಿನ ಪಕ್ಕ, ಹಳೇ ಕಾಲದ ಬಿಳೀ ಸ್ವಿಚ್ ಬೋರ್ಡು ಒಂದಿತ್ತು. ಕಾಲ ಕಳೆದು ಬಿಳಿ ಹೋಗಿ ಹಳದಿ ಬಂದಿತ್ತು. ನಾಲ್ಕನೇ ಪೀರಿಯಡ್ಡಿಗೆ ಹೋಗುವ ಮುಂಚೆ ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ ಹೋಗುತ್ತಿದ್ದೆ. ಪಾಠ ಮುಗಿಸಿ ಬಂದು ಸ್ವಿಚ್ಚು ಆರಿಸಿ ಮುಚ್ಚಳ ತೆಗೆದರೆ ಒಣ ಸಿಗಡಿಯ, ನಮ್ಮ ಮಾತಿನಲ್ಲಿ ಶೆಟ್ಲಿಯ, ಸಾರಿನ ಪರಿಮಳ ಮುಖಕ್ಕೆ ಹೊಡೆಯುತ್ತಿತ್ತು. ಮಳೆಗಾಲ, ದೋಣಿಗಳು ಕಡಲಿಗಿಳಿಯದ ಸಮಯ, ಆದ್ದರಿಂದ ನಮಗೆಲ್ಲ ಒಣಮೀನೇ ಗತಿ. ಭಟ್ಕಳದಿಂದ ದಿನವೂ ಬಸ್ಸಿನಲ್ಲಿ ಬರುವ ಇಂಗ್ಲಿಷಿನ ನಸೀಮಾ ಮೇಡಂ ಬೆಳಗಿನ ಗಡಿಬಿಡಿಯಲ್ಲಿ ಬ್ರೆಡ್ಡು, ಬಾಳೆಹಣ್ಣು ಬಿಟ್ಟು ಬೇರೇನೂ ತರುತ್ತಿರಲಿಲ್ಲ. ನನ್ನ ಡಬ್ಬಿಯ ಮುಚ್ಚಳದಲ್ಲಿ ಅವಳಿಗೊಂದು ಪಾಲು ಖಾಯಂ.

ಎದುರು ಮೇಜಿನವರು ಅರ್ಥಶಾಸ್ತ್ರದ ಹೆಗಡೆಯವರು. ಯಾಣಕ್ಕೆ ಹೋಗುವ ದಾರಿಯಲ್ಲೆಲ್ಲೋ ಒಳಗೆ ಅವರ ಮನೆ. ಸಾಧು ಮನುಷ್ಯ. ಈರುಳ್ಳಿಯನ್ನೂ ದೂರದಿಂದಲೇ ನಮಸ್ಕರಿಸುವವರು. ಒಂದು ದಿನ ನಾನು ಪಾಠ ಮುಗಿಸಿ ಒಳಗೆ ಬರುವಾಗ ಅವರು ಕಿಟಕಿಯ ಹತ್ತಿರ ನಿಂತು ಮೂಗಿಗೆ ಕರವಸ್ತ್ರ ಹಿಡಿದು ಹೆಂಡತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು. “ಇವತ್ತೂ ಶುರುವಾತು ಮಾರಾಯ್ತಿ. ಮೀನಿನ ವಾಸನೆ ಬತ್ತಾ ಇದ್ದು. ಊಟ ಸೇರ್ತಿಲ್ಲೆ.” ನನ್ನನ್ನು ನೋಡಿದ್ದೇ ಫೋನನ್ನು ಜೇಬಿಗೆ ಹಾಕಿ ನಕ್ಕರು. ಅಂಥ ನಗೆಗಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. ನನಗೆ ಮೈ ಉರಿದುಹೋಯಿತು. ನನ್ನ ಶೆಟ್ಲಿ ಸಾರಿಗೆ ವಾಟೆ ಹುಳಿ ಹಾಕಿದೆ, ಅಮೈನೆಲ್ಲ ಲವಣವಾಗಿ ತೆಪ್ಪಗೆ ಕೂತಿದೆ, ಮುಚ್ಚಳ ಬೇರೆ ಬಿಗಿದಿದೆ. ನಾನು ಡಬ್ಬಿ ತೆರೆಯುವ ಮುಂಚೆಯೇ ಇವರ ಮೂಗಿಗೆ ಬರುವ ಮೀನು ಯಾವುದು? ಮನಸ್ಸಿನಲ್ಲೇ ತೀರ್ಮಾನ ಮಾಡಿದೆ: ಇದು ಮೂಗಿನ ಕಾಯಿಲೆಯಲ್ಲ, ಮನಸ್ಸಿನ ಕಾಯಿಲೆ.

ವಾರ ಕಳೆಯುವುದರಲ್ಲಿ ಕಾಯಿಲೆ ಹಬ್ಬಿತು. ಕನ್ನಡದವರಿಗೆ ಬಂತು, ಗಣಿತದವರಿಗೆ ಬಂತು, ಕೊನೆಗೆ ಪ್ರಾಚಾರ್ಯರಿಗೂ ಬಂತು. ನಮ್ಮ ಪ್ರಾಚಾರ್ಯರು ಕುಮಟೆಯವರು, ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತರಾಗಬೇಕೆಂಬ ಒಂದೇ ಆಸೆ ಇಟ್ಟುಕೊಂಡವರು. ಸ್ಟಾಫ್ ಮೀಟಿಂಗಿನಲ್ಲಿ ಗಂಟಲು ಸರಿಮಾಡಿಕೊಂಡು, “ನಾನು ಯಾರನ್ನೂ ಉದ್ದೇಶಿಸಿ ಹೇಳ್ತಾ ಇಲ್ಲ,” ಎಂದು ನನ್ನ ಡಬ್ಬಿಯನ್ನೇ ಉದ್ದೇಶಿಸಿ ನೋಡಿದರು. “ಊಟ ಅವರವರ ಇಷ್ಟ. ಆದ್ರೆ ವಾಸನೆ ಸಾರ್ವಜನಿಕ. ಸ್ವಲ್ಪ ಹೊಂದಿಕೊಂಡು ಹೋದ್ರೆ ಚೊಲೋ.” ನಾನು ಎದ್ದು ನಿಂತೆ. “ಸರ್, ನಮ್ಮ ಲ್ಯಾಬಿನಿಂದ ವರ್ಷವಿಡೀ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಯಾರೂ ಕೇಳಲಿಲ್ಲ, ವಿಜ್ಞಾನ ಅಂತ ಸುಮ್ಮನಿದ್ದೀರಿ. ನನ್ನ ಶೆಟ್ಲಿಯೂ ವಿಜ್ಞಾನವೇ. ಇದು ನನ್ನ ಡಬ್ಬಿಯ ವಾಸನೆ ಅಂತ ಸಾಬೀತಾಗಲಿ, ಅವತ್ತೇ ಬಿಡ್ತೇನೆ. ಅಲ್ಲಿಯವರೆಗೆ ದಿನಾ ತರ್ತೇನೆ.” ಹೇಳಿದ ಮೇಲೆ ಸುಮ್ಮನಿರಲಾಗುತ್ತದೆಯೇ? ಮೊದಲು ನಡುನಡುವೆ ಬೇಳೆಸಾರನ್ನೂ ಒಯ್ಯುತ್ತಿದ್ದವಳು ಅಂದಿನಿಂದ ಹಠಕ್ಕೆ ಬಿದ್ದು ಸೋಮವಾರವೊಂದನ್ನು ಬಿಟ್ಟು ಎಲ್ಲ ದಿನವೂ ಒಣಮೀನೇ ಒಯ್ದೆ. ಸೋಮವಾರ ನಮ್ಮ ಮನೆಯಲ್ಲಿ ಮೀನಿಲ್ಲ, ಅದು ದೇವರ ವಾರ. ಆ ದಿನವೂ ಮೂಗು ಮುಚ್ಚಿಕೊಂಡ ಹೆಗಡೆಯವರನ್ನು ಕಂಡು ನನಗೆ ಒಳಗೊಳಗೇ ನಗು. “ಇವತ್ತು ಬರೀ ಬಸಳೆ ಸಾರು ಹೆಗಡೆಯವರೇ,” ಎಂದರೆ, “ಡಬ್ಬಿಗೆ ಹಿಡಿದುಕೊಂಡಿರ್ತದೆ ಮೇಡಂ,” ಎಂದರು. ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಇಟ್ಟುಕೊಂಡ ಡಬ್ಬಿಯ ಬಗ್ಗೆ ಈ ಮಾತು!

ಅಷ್ಟರಲ್ಲಿ ಶ್ರಾವಣ ಬಂತು. ಕರಾವಳಿಯವರಿಗೆ ಶ್ರಾವಣ ಎಂದರೆ ಏನೆಂದು ನಾನು ವಿವರಿಸಬೇಕಿಲ್ಲ. ವರ್ಷವಿಡೀ ಮೀನಿಲ್ಲದೆ ತುತ್ತು ಇಳಿಯದವರು ತಿಂಗಳಿಡೀ ತೊಂಡೆಕಾಯಿ, ಹರಿವೆ, ಮೊಗೆಕಾಯಿ ಎಂದು ಋಷಿಗಳಾಗಿಬಿಡುತ್ತಾರೆ. ನಮ್ಮ ಮನೆಯಲ್ಲಂತೂ ಚೌತಿ ಕಳೆಯುವವರೆಗೆ ಮೀನಿನ ಪಾತ್ರೆಯನ್ನು ತೊಳೆದು ಬೋರಲು ಹಾಕಿ ಅಟ್ಟಕ್ಕೆ ಏರಿಸುವುದು ಪದ್ಧತಿ. ಆ ವರ್ಷ ನಾನು ಶ್ರಾವಣವನ್ನು ಕಾದಷ್ಟು ಯಾವ ಭಕ್ತೆಯೂ ಕಾದಿರಲಿಕ್ಕಿಲ್ಲ. ನನ್ನ ಡಬ್ಬಿಯಲ್ಲಿ ಮೊಗೆಕಾಯಿ ಹುಳಿ ಇರುವಾಗಲೂ ವಾಸನೆ ಬರಲಿ, ಆಗ ಇವರ ಮುಖ ನೋಡೋಣ ಎಂದು ಪಣ ತೊಟ್ಟು ಕೂತೆ. ದೇವರು ದೊಡ್ಡವನು. ಶ್ರಾವಣದ ಮೊದಲ ದಿನವೇ ವಾಸನೆ ಬಂತು. ನಾನು ಪಾಠ ಮುಗಿಸಿ ಬಾಗಿಲೊಳಗೆ ಕಾಲಿಡುವಾಗ ಮೊದಲ ಬಾರಿಗೆ ನನ್ನ ಮೂಗಿಗೂ ಬಡಿಯಿತು. ಸಾಕ್ಷಾತ್ ಹಳಸಿದ ತಾರ್ಲೆ ಮೀನು! ಇಷ್ಟು ದಿನ ನನ್ನದೇ ಸಾರಿನ ಘಮದಲ್ಲಿ ಮುಳುಗಿದ್ದವಳಿಗೆ ಗೊತ್ತಾಗಿರಲಿಲ್ಲ, ಅಷ್ಟೇ. “ಬಂತಲ್ಲ!” ಎಂದು ಚಪ್ಪಾಳೆ ತಟ್ಟಿದೆ. “ಈಗ ಹೇಳಿ. ನನ್ನ ಡಬ್ಬೀಲಿ ಮೊಗೆಕಾಯಿ. ವಾಸನೆ ಯಾರದ್ದು?”

ಎಲ್ಲರೂ ನನ್ನನ್ನೊಮ್ಮೆ, ನನ್ನ ಡಬ್ಬಿಯನ್ನೊಮ್ಮೆ ನೋಡಿ ತಮ್ಮ ತಮ್ಮ ಊಟಕ್ಕೆ ಬಗ್ಗಿದರು. ಅಲ್ಲೇ ಕುತ್ತಾಯಿತು. ನಾನು ಗೆದ್ದೆ ಎಂದುಕೊಂಡಿದ್ದರೆ, ಅವರು ಬೇರೆಯೇ ಲೆಕ್ಕ ಹಾಕುತ್ತಿದ್ದರು. ನಾಲ್ಕು ದಿನದ ಮೇಲೆ ನಸೀಮಾ ನನ್ನನ್ನು ವರಾಂಡಕ್ಕೆ ಕರೆದು, “ಅರೇ ಮಾಲಿನಿ, ನಿಂಗೆ ಗೊತ್ತುಂಟಾ ಇವರೆಲ್ಲ ಎಂತ ಹೇಳ್ತಾ ಇದ್ದಾರೆ ಅಂತ? ನೀನು ಶ್ರಾವಣದಲ್ಲೂ ಕದ್ದು ಮೀನು ತಿಂತೀಯಂತೆ. ಮೇಲೆ ಮೊಗೆಕಾಯಿ, ಕೆಳಗೆ ಬಂಗಡೆ,” ಎಂದಳು. “ನಂಗೂ ಸ್ವಲ್ಪ ಸಂಶಯ ಬಂತು ಮಾರಾಯ್ತಿ. ಹಾಗಿದ್ರೆ ನಂಗೆ ಪಾಲು ಕೊಡ್ದೆ ಒಬ್ಬಳೇ ತಿಂತೀಯಾ ಅಂತ ಸಿಟ್ಟೂ ಬಂತು.” ನನ್ನ ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಮೀನು ತಿನ್ನುತ್ತಾಳೆ ಎಂದರೆ ಅದು ಹೊಗಳಿಕೆ. ಶ್ರಾವಣದಲ್ಲಿ ಕದ್ದು ತಿನ್ನುತ್ತಾಳೆ ಎಂದರೆ ಏಳು ತಲೆಮಾರಿಗೆ ಮಸಿ. ಅದೂ ನನಗೆ! ಚಿಕ್ಕವಳಿರುವಾಗ ಶ್ರಾವಣದಲ್ಲಿ ಬೆಕ್ಕಿಗೂ ಮೀನು ಹಾಕಗೊಡದಿದ್ದ ಮನೆಯ ಮಗಳಿಗೆ!

ನಮ್ಮ ಕಾಲೇಜಿನ ಪ್ಯೂನಿನ ಹೆಂಡತಿಯ ತವರು ಬೆಳಕೆ. ಸುದ್ದಿ ಹೋಗುವುದಕ್ಕೆ ಬೇರೆ ರಸ್ತೆ ಬೇಕೇ? ಭಾನುವಾರ ಬೆಳಿಗ್ಗೆ ಅಮ್ಮನ ಫೋನು. ಅಮ್ಮ ಸಾಮಾನ್ಯವಾಗಿ ‘ಉಂಡ್ಯಾ’ ಎಂದು ಶುರುಮಾಡುವವಳು. ಅವತ್ತು ಅದಿಲ್ಲ.

“ಮಾಲಿ, ಎಂತದೇ ಇದು? ಶ್ರಾವಣದಾಗೆ ಮೀನ ತಿಂತ್ಯಂತೆ, ಹೌದಾ?”

“ಯಾರಮ್ಮ ನಿಂಗೆ ಹೇಳ್ದೋರು?”

“ಯಾರಾರೂ ಹೇಳ್ಲಿ. ಹೌದಾ ಅಲ್ವಾ, ಅಷ್ಟ್ ಹೇಳು.”

“ಅಲ್ಲಮ್ಮ! ದೇವರಾಣೆ ಅಲ್ಲ. ಅದು ಎಂತದೋ ವಾಸನೆ, ಅಮೈನು ಅಂತ, ನಾನು ಅದನ್ನ ಕಂಡುಹಿಡೀತಾ...”

“ನಂಗೆ ನಿನ್ ಕಾಲೇಜಿನ ಪಾಠ ಬೇಡ. ಊರೋರು ನನ್ ಮುಖ ನೋಡಿ ನಗ್ತ್ರು. ಎಂತದು ಅಂತ ಸಮಾ ಆದ್ಮೇಲೆ ಚೌತಿಗೆ ಬಾ. ಇಲ್ಲಾರೆ ಬರ್ಬೇಡ. ಗಣಪತಿ ಮುಂದೆ ನಿಲ್ಲುಕೆ ಮುಖ ಬೇಕಲ.”

ಫೋನು ಇಟ್ಟಳು. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಮಕ್ಕಳಿಗೆ ಪಾಠ ಹೇಳುವ ಹೆಂಗಸು, ಅಮ್ಮ ಚೌತಿಗೆ ಬರಬೇಡ ಎಂದಳೆಂದು ಅಡುಗೆಮನೆಯಲ್ಲಿ ಮೂಗು ಒರೆಸುತ್ತ ಕೂತೆ. ಅಮ್ಮ ಮಾಡುವ ಚೌತಿಯ ಪಂಚಕಜ್ಜಾಯ ತಿನ್ನದೆ ನಾನು ಒಂದು ವರ್ಷವನ್ನೂ ಕಳೆದವಳಲ್ಲ. ಅಳು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ನನಗೆ ಬುದ್ಧಿ ಓಡುತ್ತದೆ. ಇಡೀ ಊರಿಗೆ ಮೂಗಿದೆ, ಆದರೆ ಮೂಗಿಗೆ ದ್ವೇಷವಿದೆ, ದಾಕ್ಷಿಣ್ಯವಿದೆ. ಎರಡೂ ಇಲ್ಲದ್ದು ಒಂದೇ, ನನ್ನ ಲಿಟ್ಮಸ್ ಕಾಗದ.

ಸೋಮವಾರ ಲ್ಯಾಬಿನಿಂದ ಕೆಂಪು ಲಿಟ್ಮಸ್ಸಿನ ಕಟ್ಟು ತಂದು ಸ್ಟಾಫ್ ರೂಮಿನ ತುಂಬ ತೋರಣ ಕಟ್ಟಿದೆ. ಒದ್ದೆ ಮಾಡಬೇಕೆಂದು ಶಾಸ್ತ್ರ, ಆದರೆ ಹೊನ್ನಾವರದ ಮಳೆಗಾಲದಲ್ಲಿ ಆ ಕಷ್ಟವೂ ಇಲ್ಲ, ಕಾಗದ ತಾನಾಗಿಯೇ ಒದ್ದೆ. ರಸ್ತೆಯ ಕಿಟಕಿಗೆ ಒಂದು, ಏಕೆಂದರೆ ಮೀನಿನ ಲಾರಿಗಳು ಅಲ್ಲೇ ಹಾದುಹೋಗುತ್ತವೆ. ಕಸದ ಬುಟ್ಟಿಯ ಮೇಲೊಂದು. ಶೌಚಾಲಯದ ಬಾಗಿಲಿಗೊಂದು. ಹೆಗಡೆಯವರ ಮೇಜಿಗೆ ಎರಡು. ನ್ಯಾಯ ಎಂದರೆ ನ್ಯಾಯ ಎಂದು ನನ್ನ ಮೇಜಿನ ಹಿಂದಿನ ಗೋಡೆಗೂ ಒಂದು ಅಂಟಿಸಿದೆ. ಪ್ರಾಚಾರ್ಯರು ಬಂದು, “ಮೇಡಂ, ಏನಾದ್ರೂ ಪೂಜೆಯಾ?” ಎಂದು ಕೇಳಿದರು. “ಪೂಜೆಯಲ್ಲ ಸರ್, ವಿಚಾರಣೆ,” ಎಂದೆ. ಡಬ್ಬಿ ಸಿಕ್ಕಿಸಿ, ತಲೆ ಎತ್ತಿಕೊಂಡು ನಾಲ್ಕನೇ ಪೀರಿಯಡ್ಡಿಗೆ ಹೋದೆ.

ಬರುವಾಗ ಎಲ್ಲರೂ ನನ್ನ ಮೇಜಿನ ಸುತ್ತ ನಿಂತಿದ್ದರು. ಲಾರಿ ರಸ್ತೆಯ ಕಾಗದ ಕೆಂಪು. ಕಸದ ಬುಟ್ಟಿ ಕೆಂಪು. ಶೌಚಾಲಯದ್ದೂ ಕೂಡ, ಏನು ಹೇಳಲಿ, ಕೆಂಪೇ. ನನ್ನ ಮೇಜಿನ ಹಿಂದಿನದು ಮಾತ್ರ ಶಂಖಪುಷ್ಪದ ಹಾಗೆ ನೀಲಿ. “ನಿಮ್ಮ ಹತ್ರಾನೇ ನೀಲಿ ಆಗಿದೆಯಲ್ಲ ಮೇಡಂ,” ಎಂದು ಪ್ರಾಚಾರ್ಯರು ಬಹಳ ಮೃದುವಾಗಿ ಹೇಳಿದರು. ನನ್ನ ಸಾಕ್ಷಿ ನನ್ನ ಮೇಲೆಯೇ ಸಾಕ್ಷಿ ಹೇಳಿತ್ತು. ಆಗಲಾದರೂ ಸುಮ್ಮನಿದ್ದು ಯೋಚಿಸಬೇಕಿತ್ತು. ಆದರೆ ಸುಮ್ಮನಿರುವುದು ನಮ್ಮ ವಂಶದಲ್ಲಿಲ್ಲ. ನನಗೆ ಥಟ್ಟನೆ ಹೊಳೆದದ್ದು ಹೆಗಡೆಯವರ ಕವಳದ, ಅಂದರೆ ಎಲೆಯಡಿಕೆಯ, ಸಂಚಿ. ಕವಳಕ್ಕೆ ಸುಣ್ಣ, ಸುಣ್ಣ ಪ್ರತ್ಯಾಮ್ಲ, ಸುಣ್ಣದ ಬೆರಳು ತಾಗಿದರೂ ಲಿಟ್ಮಸ್ ನೀಲಿ! “ಯಾರೋ ಸುಣ್ಣದ ಕೈಯಲ್ಲಿ ಮುಟ್ಟಿದ್ದಾರೆ,” ಎಂದು ಹೆಗಡೆಯವರ ಕೈಯನ್ನೇ ನೋಡಿದೆ. ಅವರ ಮುಖ ಸಣ್ಣದಾಯಿತು. “ಮೇಡಂ, ನಾನು ಯುಗಾದಿಗೇ ಕವಳ ಬಿಟ್ಟು ತಿಂಗಳುಗಟ್ಟಲೆ ಆತು. ಡಾಕ್ಟ್ರು ಬೇಡ ಅಂದಿದ್ರು. ಯಾರೂ ಕೇಳಿರಲಿಲ್ಲ, ಹಾಗಾಗಿ ಹೇಳಿರಲಿಲ್ಲ,” ಎಂದು ಸಂಚಿಯನ್ನು ಬಿಚ್ಚಿ ತೋರಿಸಿದರು. ಅದರಲ್ಲಿ ಲವಂಗ ಮತ್ತು ಒಂದು ಬಸ್ ಟಿಕೇಟು ಇತ್ತು. ಪ್ರಾಚಾರ್ಯರು ನಿಟ್ಟುಸಿರು ಬಿಟ್ಟು, ನಾಳೆಯಿಂದ ನಾನು ಲ್ಯಾಬಿನ ಉಗ್ರಾಣದಲ್ಲಿ ಊಟ ಮಾಡುವುದು ಎಲ್ಲರಿಗೂ ಅನುಕೂಲ ಎಂದರು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ.

“ನಾಳೆ ಒಂದು ದಿನ ಕೊಡಿ ಸರ್,” ಎಂದೆ. “ನಾಳೆ ನಾನು ಪಾಠಕ್ಕೆ ಹೋಗುವುದಿಲ್ಲ. ಮಕ್ಕಳಿಗೆ ಓದಿಕೊಳ್ಳಲು ಹೇಳಿ ಇಲ್ಲೇ ಕೂರುತ್ತೇನೆ. ನೀವೂ ಎಲ್ಲ ಕೂತುಕೊಳ್ಳಿ. ನಿಮ್ಮ ಕಣ್ಣೆದುರೇ ಡಬ್ಬಿ ಬಿಸಿ ಮಾಡಿ, ನಿಮ್ಮ ಕಣ್ಣೆದುರೇ ತೆಗೆದು, ನಿಮ್ಮ ಬಾಯಿಗೇ ಹಾಕ್ತೇನೆ. ಮೀನಿದ್ದರೆ ಉಗ್ರಾಣ ಯಾಕೆ, ರಾಜೀನಾಮೆ ಕೊಡ್ತೇನೆ.” ರಾಜೀನಾಮೆಯ ಮಾತು ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಮನೆಗೆ ಹೋಗಿ ಗಂಡನಿಗೆ ಅದನ್ನು ಹೇಳಲಿಲ್ಲ.

ಮರುದಿನ ಸಭೆ ಸೇರಿತು. ಹೆಗಡೆಯವರು, ನಸೀಮಾ, ಪ್ರಾಚಾರ್ಯರು, ಉಳಿದವರು, ಎಲ್ಲರೂ ಸುತ್ತ ಕುರ್ಚಿ ಹಾಕಿ ಕೂತರು. ನಾನು ಡಬ್ಬಿಯನ್ನು ಸಿಕ್ಕಿಸಿ ರಾಣಿಯ ಹಾಗೆ ಪಕ್ಕದಲ್ಲಿ ಕೂತೆ. ಡಬ್ಬಿ ಬಿಸಿಯಾಗುವಾಗ ಪಕ್ಕದಲ್ಲಿ ಕೂತದ್ದು ಜೂನ್‌ನಿಂದ ಈಚೆಗೆ ಅದೇ ಮೊದಲು ಎಂಬುದು ಆಗ ನನಗೆ ಹೊಳೆಯಲಿಲ್ಲ. ಸ್ವಲ್ಪ ಹೊತ್ತಾಯಿತು. ಮೆಲ್ಲಗೆ ಬಂತು. ಹಳಸಿದ ತಾರ್ಲೆ. ಎಲ್ಲರ ಮೂಗುಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಬೆಳಗಿನ ನಿದ್ದೆಗಣ್ಣಿನಲ್ಲಿ ಕೈ ತಪ್ಪಿ ಒಣಮೀನಿನ ಡಬ್ಬಕ್ಕೇ ಕೈ ಹಾಕಿಬಿಟ್ಟೆನೇ ಎಂದು ನನಗೇ ನನ್ನ ಮೇಲೆ ಸಂಶಯ ಬಂತು. ಮುಚ್ಚಳ ತೆಗೆದೆ. ಮೊಗೆಕಾಯಿ ಹುಳಿ. ಚಮಚದಲ್ಲಿ ತೆಗೆದು ಹೆಗಡೆಯವರ ಮುಂದೆ ಹಿಡಿದೆ. ಆ ಪುಣ್ಯಾತ್ಮ ನಿನ್ನೆಯ ಅವಮಾನವನ್ನು ನುಂಗಿಕೊಂಡು ಮೂಸಿ ನೋಡಿದರು, ಕಣ್ಣು ಮುಚ್ಚಿ ಬಾಯಿಗೂ ಹಾಕಿಕೊಂಡರು. “ಮೊಗೆಕಾಯೇ,” ಎಂದರು. “ಉಪ್ಪು ಒಂಚೂರು ಕಡ್ಮೆ.”

ಹಾಗಾದರೆ ಎಲ್ಲಿಂದ? ನಾನು ಬಗ್ಗಿ ಮೂಸುತ್ತ ಹೊರಟೆ. ಮೇಜು ಅಲ್ಲ, ಡಬ್ಬಿ ಅಲ್ಲ. ಡಬ್ಬಿಯ ತಂತಿ ಹಿಡಿದುಕೊಂಡು ಹೋದ ಹಾಗೆ ವಾಸನೆ ಜೋರಾಯಿತು, ಗೋಡೆಯ ಬೋರ್ಡಿನ ಹತ್ತಿರ ಹೋದಾಗ ಕಣ್ಣು ಉರಿಯಿತು. ಬೆರಳಿಟ್ಟೆ. “ಅಯ್ಯಮ್ಮಾ!” ಬೆರಳು ಸುಟ್ಟಿತು. ಚಿಟಿಚಿಟಿ ಎಂದಿತು, ಒಳಗಿಂದ ಸಣ್ಣ ಹೊಗೆ ಎದ್ದಿತು. ಎಲ್ಲರೂ ಕುರ್ಚಿ ಕೆಡವಿಕೊಂಡು ಹಿಂದೆ ಸರಿದರೆ ನಸೀಮಾ ಒಬ್ಬಳೇ ಹೊರಗೆ ಓಡಿ ಮೇನ್ ಸ್ವಿಚ್ ಕೆಳಗೆಳೆದಳು. ಬೋರ್ಡಿನ ಹಿಂದಿನ ಗೋಡೆ ಕರಿ ಹಿಡಿದಿತ್ತು. ಪಕ್ಕದಲ್ಲೇ ಉತ್ತರಪತ್ರಿಕೆಗಳ ಕಪಾಟು. ಇನ್ನೊಂದು ವಾರ ಹೀಗೇ ನಡೆದಿದ್ದರೆ ವಾಸನೆಯ ಜೊತೆ ಸ್ಟಾಫ್ ರೂಮೂ ಹೋಗುತ್ತಿತ್ತು. ನಾನು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಪಾಠ ಶುರು ಮಾಡಿದೆ. ಹಳೇ ಬಿಳಿ ಬೋರ್ಡುಗಳನ್ನು ಯೂರಿಯಾ ಸೇರಿಸಿದ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಿದ್ದರು, ಯೂರಿಯಾದಲ್ಲಿ ನೈಟ್ರೋಜನ್ ಇದೆ, ಸಂದಿ ಸಡಿಲವಾದಲ್ಲಿ ಕರೆಂಟು ಹರಿದು ಕಾದರೆ ಆ ನೈಟ್ರೋಜನ್ನು ಅಮೋನಿಯಾ ಆಗಿ, ಅಮೈನುಗಳಾಗಿ ಹೊರಗೆ ಬರುತ್ತದೆ, ಅದಕ್ಕೇ ಮೀನಿನ ವಾಸನೆ... ಛೆ, ಮೀನಿನ ವಾಸನೆ ಎಂದು ನನ್ನ ಬಾಯಲ್ಲೇ ಬಂತು! “ಅಮೈನಿನ ವಾಸನೆ,” ಎಂದು ತಿದ್ದಿದೆ. “ಹೊಸಾ ಮೀನಿಗೆ ವಾಸನೆಯೇ ಇರುವುದಿಲ್ಲ. ನಾನು ಜೂನ್‌ನಿಂದ ಬಡ್ಕೊಂಡೆ, ನನ್ನ ಮೀನಲ್ಲ, ನನ್ನ ಮೀನಲ್ಲ ಅಂತ. ಈಗ ಒಪ್ಪಿಕೊಳ್ತೀರೋ ಇಲ್ವೋ?”

ಎಲ್ಲರೂ ಒಪ್ಪಿಕೊಂಡರು. ಹೆಗಡೆಯವರು ಕೈ ಮುಗಿದೇಬಿಟ್ಟರು. ಪ್ರಾಚಾರ್ಯರು ಮಾತ್ರ ಬೋರ್ಡಿನಿಂದ ತಂತಿಗೆ, ತಂತಿಯಿಂದ ಡಬ್ಬಿಗೆ ಕಣ್ಣು ಹಾಯಿಸಿ, ಯಾರ ಮನಸ್ಸನ್ನೂ ನೋಯಿಸದ ಅದೇ ದನಿಯಲ್ಲಿ ಕೇಳಿದರು. “ಆ ಪ್ಲಗ್ಗು ಯಾರದ್ದು ಮೇಡಂ?”

ಬೋರ್ಡು ಹಳೆಯದು, ಸಡಿಲವಾಗಿತ್ತು ಎಂದು ನಾನು ವಾದಿಸಿದೆ, ಈಗಲೂ ವಾದಿಸುತ್ತೇನೆ. ಬೇರೆ ಯಾರಾದರೂ ಸಿಕ್ಕಿಸಿದ್ದರೂ ಅದು ಹಾಗೇ ಸುಡುತ್ತಿತ್ತು. ಆದರೆ ಬೇರೆ ಯಾರೂ ಸಿಕ್ಕಿಸಿರಲಿಲ್ಲ ಎಂಬುದೂ ನಿಜ. ಹೊಸ ಬೋರ್ಡು ಬಂತು. ಸ್ಟಾಫ್ ರೂಮಿನಲ್ಲಿ ಯಾರೂ ಕರೆಂಟಿನ ಡಬ್ಬಿ ಬಳಸಕೂಡದು ಎಂಬ ಸೂಚನೆಯೂ ಬಂತು. ಯಾರನ್ನೂ ಉದ್ದೇಶಿಸಿದ್ದಲ್ಲವಂತೆ.

ಚೌತಿಯ ಹಿಂದಿನ ದಿನ ಬೆಳಕೆಗೆ ಹೋದೆ. ಅಮ್ಮ ಕಾಯಿ ತುರಿಯುತ್ತ ಕೂತಿದ್ದಳು. ನಾನು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದೆ, ಸುಟ್ಟ ಬೆರಳನ್ನೂ ತೋರಿಸಿದೆ. ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ.

“ಅಂದ್ರೆ ಶ್ರಾವಣದಾಗೆ ನೀ ಮೀನ ತಿಂದಿಲ್ಲ.”

“ಇಲ್ಲಮ್ಮ. ಒಂದು ಮುಳ್ಳೂ ಮುಟ್ಟಿಲ್ಲ.”

“ಕಾಲೇಜ್ ಸುಡುಕೆ ಹೊರ್ಟಿದ್ದೆ. ಅಷ್ಟೇ ಅಲ?”

“ಅದು ಬೋರ್ಡು ಹಳೇದಮ್ಮ...”

“ಆತು ಬಿಡು,” ಎಂದಳು ಅಮ್ಮ, ಕಾಯಿಯ ಕಡಿಯನ್ನು ಬದಿಗಿಟ್ಟು. “ಅದ್ಕಿಂತ ಮೀನ ತಿಂದಿದ್ರೇ ಅಡ್ಡಿರ್ಲಿಲ್ಲ.” ಆಮೇಲೆ ತುರಿದ ಕಾಯಿಗೆ ಬೆಲ್ಲ ಸೇರಿಸಿ ಒಂದು ಉಂಡೆ ನನ್ನ ಬಾಯಿಗಿಟ್ಟಳು. ನನ್ನ ಮುಖ ಗಣಪತಿಯ ಮುಂದೆ ನಿಲ್ಲಲು ಯೋಗ್ಯವಾಗಿದೆ ಎಂದು ಅದರಿಂದಲೇ ತಿಳಿದುಕೊಂಡೆ.

ಚೌತಿ ಕಳೆಯಿತು. ದೋಣಿಗಳು ಕಡಲಿಗಿಳಿದು ಆಗಲೇ ದಿನಗಳಾಗಿದ್ದವು, ಪೇಟೆಯಲ್ಲಿ ಹಸಿ ಬಂಗಡೆಯ ರಾಶಿ. ಅಟ್ಟದಿಂದ ಮೀನಿನ ಪಾತ್ರೆ ಇಳಿಸಿ, ಸಂಜೆ ತಂದದ್ದರಲ್ಲಿ ಅರ್ಧ ಉಂಡು, ಉಳಿದ ಅರ್ಧವನ್ನು ಮರುದಿನ ಸಾರು ಮಾಡಿ ಮಾಮೂಲಿ ಸ್ಟೀಲಿನ ಡಬ್ಬಿಗೆ ತುಂಬಿದೆ. ಗಡಿಬಿಡಿಯಲ್ಲಿ ವಾಟೆ ಹುಳಿ ಹಾಕುವುದು ಮರೆತುಹೋಗಿತ್ತು. ಇರಲಿ, ನಾನೀಗ ನಿರಪರಾಧಿ ಎಂದು ಇಡೀ ಕಾಲೇಜು ಒಪ್ಪಿದೆ. ತಲೆ ಎತ್ತಿಕೊಂಡು ಸ್ಟಾಫ್ ರೂಮಿನ ನಟ್ಟನಡುವೆ ಮುಚ್ಚಳ ತೆಗೆದೆ.

ಹೆಗಡೆಯವರ ಮೂಗು ಅರಳಿತು. ಅವರು ನನ್ನ ಕಡೆ ನೋಡಲೇ ಇಲ್ಲ. “ವಾಸನೆ!” ಎಂದು ಕೂಗಿ ಎದ್ದವರೇ ನೇರ ಹೊಸ ಬೋರ್ಡಿನ ಕಡೆ ಓಡಿದರು. ಗಣಿತದವರು ಕಪಾಟಿನ ಉತ್ತರಪತ್ರಿಕೆಗಳನ್ನು ಅಪ್ಪಿಕೊಂಡು ಹೊರಗೋಡಿದರು. ಮೇನ್ ಸ್ವಿಚ್ ಬಿತ್ತು. ಫ್ಯಾನು ನಿಂತಿತು, ದೀಪ ಹೋಯಿತು, ಮೋಡ ಮುಸುಕಿದ ಮಧ್ಯಾಹ್ನ ರೂಮು ಕತ್ತಲಾಯಿತು. ಪ್ರಾಚಾರ್ಯರು ಬಾಗಿಲಲ್ಲಿ ನಿಂತು, “ಯಾರೂ ಏನೂ ಮುಟ್ಟಬೇಡಿ! ಎಲೆಕ್ಟ್ರಿಶಿಯನ್ ಬರಲಿ!” ಎನ್ನುತ್ತಿದ್ದರು. ನಾನು ಡಬ್ಬಿಯನ್ನು ಎತ್ತಿ ಹಿಡಿದು, “ಅದು ಬೋರ್ಡಲ್ಲ! ನನ್ನ ಮೀನು! ನನ್ನದೇ ಮೀನು!” ಎಂದು ಗಂಟಲು ಹರಿಯುವಂತೆ ಕೂಗಿದೆ. ಜೂನ್‌ನಿಂದ ಈಚೆಗೆ ನನ್ನ ಬಾಯಲ್ಲಿ ಬರಬಾರದೆಂದಿದ್ದ ಮಾತು ಅದೊಂದೇ.

ಎಲ್ಲರೂ ನಿಂತರು. ಕತ್ತಲಲ್ಲಿ ಹೆಗಡೆಯವರು ಹತ್ತಿರ ಬಂದು, ಕರವಸ್ತ್ರವನ್ನೂ ಹಿಡಿಯದೆ, ಡಬ್ಬಿಯೊಳಗೆ ಬಗ್ಗಿ ನೋಡಿದರು. ನಿಜವಾಗಿಯೂ ಆಶ್ಚರ್ಯವಾದ ದನಿಯಲ್ಲಿ ಕೇಳಿದರು. “ಹೊಸಾ ಮೀನಿಗೆ ವಾಸನೆಯೇ ಇರೂದಿಲ್ಲ ಅಂತ ಹೇಳಿದ್ರಲ್ಲ ಮೇಡಂ?”

ನಸೀಮಾ ಆಗಲೇ ಮುಚ್ಚಳ ಒಡ್ಡಿಕೊಂಡು ಕೂತಿದ್ದಳು. ಅವಳಿಗೆ ಒಂದು ತುಂಡು ಬಡಿಸಿ, ನನ್ನದನ್ನು ಬಾಯಿಗಿಟ್ಟುಕೊಂಡು, ಆದಷ್ಟು ಸಣ್ಣ ದನಿಯಲ್ಲಿ ಹೇಳಿದೆ.

“ನಿನ್ನೆಯದು ಹೆಗಡೆಯವರೇ.”